ಕನ್ನಡಕಕ್ಕೆ ನನ್ನ ಹೆಸರು ಯಾಕೆ ಬೇಕು?

ಮೆಟಾ ಕಂಪನಿ ಆಗ್ಮೆಂಟೆಡ್ ರಿಯಾಲಿಟಿಯ ಬೆನ್ನು ಹತ್ತುವುದನ್ನು ಬಿಡಬೇಕು. ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ನಷ್ಟವಾಗುತ್ತಿದೆ, ಹಾಗಾಗಿ ಬಿಡಲಿ ಎಂದು ನಾನು ಹೇಳುತ್ತಿಲ್ಲ. ಅವರ ದುಡ್ಡು, ಅವರ ನಷ್ಟ. ಈ ಕನ್ನಡಕ ಸೋತರೆ ಆ ಕಂಪನಿಯ ಷೇರುದಾರರಿಗೆ ಕಷ್ಟ. ಆದರೆ ಅದು ಗೆದ್ದರೆ ಊರು ಬಿಟ್ಟು ನಗರ ಸೇರಿದ ನನ್ನಂಥವರಿಗೆ ಕಷ್ಟ. ನನ್ನ ಚಿಂತೆ ಎರಡನೆಯದು.

ನಮ್ಮ ಗೆಳೆಯರ ಗುಂಪಿನಲ್ಲಿ ಈ ವಿಷಯಕ್ಕೆ ವಾರಗಟ್ಟಲೆ ಜಗಳ ನಡೆದಿದೆ. ಪುಣೆಯಲ್ಲಿ, ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗರು ನನ್ನನ್ನು ‘ಹಳೇ ಕಾಲದ ಕಾಕಾ’ ಎಂದು ಕರೆದದ್ದೂ ಆಯಿತು. ಆ ಜಗಳ ನಡೆದದ್ದು ಅದೇ ಕಂಪನಿಯ ವಾಟ್ಸಾಪಿನಲ್ಲಿ ಎಂಬುದು ನನಗೂ ಗೊತ್ತು. ಅಂಗಡಿಯವನ ತಕ್ಕಡಿ ಬಗ್ಗೆ ಮಾತಾಡುವ ಹಕ್ಕು ಅವನಲ್ಲಿ ಸಾಮಾನು ಕೊಳ್ಳುವವನಿಗೇ ಮೊದಲು ಇರುವುದು.

ಮೊದಲು ಲೆಕ್ಕ ನೋಡೋಣ. ಫೇಸ್‌ಬುಕ್ 2014ರಲ್ಲಿ ಆಕ್ಯುಲಸ್ ಎಂಬ ಕಂಪನಿಯನ್ನು ಸುಮಾರು 200 ಕೋಟಿ ಡಾಲರ್‌ಗೆ ಕೊಂಡಿತು. 2021ರ ಅಕ್ಟೋಬರ್‌ನಲ್ಲಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಿತು. ಇಂಥ ಸಾಧನಗಳನ್ನು ಮಾಡುವ ಅದರ ರಿಯಾಲಿಟಿ ಲ್ಯಾಬ್ಸ್ ವಿಭಾಗ 2021ರಲ್ಲಿ 1,019 ಕೋಟಿ, 2022ರಲ್ಲಿ 1,372 ಕೋಟಿ, 2023ರಲ್ಲಿ 1,612 ಕೋಟಿ, 2024ರಲ್ಲಿ 1,773 ಕೋಟಿ ಡಾಲರ್ ನಷ್ಟ ತೋರಿಸಿದೆ. ಡಾಲರಿಗೆ 85 ರೂಪಾಯಿ ಹಿಡಿದರೆ ನಾಲ್ಕು ವರ್ಷಕ್ಕೆ ಸುಮಾರು 4.9 ಲಕ್ಷ ಕೋಟಿ ರೂಪಾಯಿ. ಕರ್ನಾಟಕ ಸರ್ಕಾರದ 2025-26ರ ಇಡೀ ಬಜೆಟ್ 4.09 ಲಕ್ಷ ಕೋಟಿ. ಶಾಲೆ, ಆಸ್ಪತ್ರೆ, ನೀರಾವರಿ, ಪಿಂಚಣಿ ಎಲ್ಲ ಸೇರಿಸಿ ಒಂದು ರಾಜ್ಯ ಒಂದು ವರ್ಷದಲ್ಲಿ ಖರ್ಚು ಮಾಡುವುದಕ್ಕಿಂತ ಹೆಚ್ಚನ್ನು ಒಂದು ಕಂಪನಿ ನಾಲ್ಕು ವರ್ಷದಲ್ಲಿ ಕೈಬಿಟ್ಟು, ಇನ್ನೂ ಮುಂದುವರಿಸುತ್ತಿದೆ ಎಂದರೆ, ಅದಕ್ಕೆ ದಾರಿಯ ಕೊನೆಯಲ್ಲಿ ಏನೋ ದೊಡ್ಡದು ಕಾಣುತ್ತಿದೆ ಎಂದೇ ಅರ್ಥ.

ಏನದು? 2024ರ ಸೆಪ್ಟೆಂಬರ್‌ನಲ್ಲಿ ಅವರು ಒರಾಯನ್ ಎಂಬ ಮಾದರಿ ಕನ್ನಡಕ ತೋರಿಸಿದರು. ಸುಮಾರು 98 ಗ್ರಾಂ ತೂಕ, ಹಾಕಿಕೊಂಡವನ ಕಣ್ಣೆದುರಿನ ಲೋಕದ ಮೇಲೆಯೇ ಅಕ್ಷರ, ಚಿತ್ರ ಮೂಡುತ್ತವೆ. ಅದು ಮಾರಾಟಕ್ಕೆ ಬಂದಿಲ್ಲ. ಮಾರಾಟಕ್ಕೆ ಬಂದಿರುವುದು ಅದರ ತಮ್ಮಂದಿರು. ಕ್ಯಾಮರಾ, ಮೈಕ್ ಇರುವ ರೇ-ಬ್ಯಾನ್ ಮೆಟಾ ಕನ್ನಡಕ 2025ರ ಮೇ ತಿಂಗಳಲ್ಲಿ ಭಾರತಕ್ಕೂ ಬಂತು, ಬೆಲೆ 29,900 ರೂಪಾಯಿಯಿಂದ ಶುರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ 799 ಡಾಲರ್‌ಗೆ, ಒಂದು ಕಣ್ಣಿನ ಗಾಜಿನಲ್ಲಿ ಪುಟ್ಟ ಪರದೆ ಇರುವ ಕನ್ನಡಕವನ್ನೂ ಬಿಟ್ಟರು. ಒಂದೊಂದೇ ಮೆಟ್ಟಿಲು ಏರುತ್ತಿದ್ದಾರೆ. ಮೇಲೆ ಏನಿದೆ ಎಂದು ಈಗಲೇ ಕೇಳಬೇಕು. ಮೇಲೆ ತಲುಪಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ನಾನು ಈ ತಂತ್ರಜ್ಞಾನದ ವಿರೋಧಿಯಲ್ಲ. ಇದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಇವಾನ್ ಸದರ್ಲ್ಯಾಂಡ್ 1968ರಲ್ಲೇ ತಲೆಗೆ ಹಾಕುವ ಪರದೆಯೊಂದನ್ನು ಮಾಡಿದ್ದರು. ತುಂಬಾ ಭಾರವಿದ್ದುದರಿಂದ ಅದನ್ನು ಮೇಲ್ಛಾವಣಿಗೆ ತೂಗುಹಾಕಬೇಕಿತ್ತು. ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಬಂದದ್ದು 1990ರ ಸುಮಾರಿಗೆ, ಬೋಯಿಂಗ್ ಕಾರ್ಖಾನೆಯಲ್ಲಿ. ವಿಮಾನದೊಳಗಿನ ತಂತಿಗಳ ಗೊಂಚಲನ್ನು ಜೋಡಿಸುವ ಕೆಲಸಗಾರನಿಗೆ ಯಾವ ತಂತಿ ಎಲ್ಲಿಗೆ ಎಂದು ಕಣ್ಣೆದುರೇ ತೋರಿಸಿದರೆ ಹೇಗೆ ಎಂದು ಟಾಮ್ ಕಾಡೆಲ್ ಎಂಬ ಸಂಶೋಧಕರು ಯೋಚಿಸಿದ್ದರು. ಎಷ್ಟು ಒಳ್ಳೆಯ ಯೋಚನೆ! ಕೈಯಲ್ಲಿ ಸ್ಪ್ಯಾನರ್ ಹಿಡಿದವನು ಪುಸ್ತಕದ ಹಾಳೆ ತಿರುವಬೇಕಿಲ್ಲ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಸ್ಕ್ಯಾನಿನ ಚಿತ್ರ ರೋಗಿಯ ಮೈಮೇಲೆಯೇ ಕಂಡರೆ ಯಾರಿಗೆ ತಾನೆ ಬೇಡ?

ಆದರೆ ಗಮನಿಸಿ. ಕಾರ್ಖಾನೆಯ ಕನ್ನಡಕ ನೋಡುವುದು ತಂತಿಯನ್ನು. ಆಪರೇಷನ್ ಥಿಯೇಟರಿನ ಕನ್ನಡಕ ನೋಡುವುದು ಒಪ್ಪಿಗೆ ಬರೆದುಕೊಟ್ಟ ರೋಗಿಯನ್ನು. ಆ ಕೋಣೆಗೆ ಗೋಡೆ ಇದೆ, ಕೆಲಸಕ್ಕೆ ಶುರು ಇದೆ, ಕೊನೆ ಇದೆ. ಕೆಲಸ ಮುಗಿದ ಮೇಲೆ ಕನ್ನಡಕ ಕಪಾಟಿಗೆ ಹೋಗುತ್ತದೆ. ಮೆಟಾ ಮಾಡಹೊರಟಿರುವುದು ಕಪಾಟಿಗೆ ಹೋಗದ ಕನ್ನಡಕ. ಬೆಳಿಗ್ಗೆ ಹಲ್ಲುಜ್ಜಿ ಹಾಕಿಕೊಂಡು ರಾತ್ರಿ ಮಲಗುವಾಗ ತೆಗೆಯುವ ಕನ್ನಡಕ. ಅದು ನೋಡುವುದು ತಂತಿಯನ್ನಲ್ಲ, ಎದುರಿಗೆ ಬಂದವರನ್ನೆಲ್ಲ.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ತಿಳಿದುಕೊಳ್ಳಬೇಕು. ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ. ನಿಮ್ಮ ಮೇಜಿನ ಮೇಲೆ ಇಲ್ಲದ ಹೂದಾನಿಯೊಂದನ್ನು ಕನ್ನಡಕ ತೋರಿಸಬೇಕಾದರೆ ಮೇಜು ಎಲ್ಲಿದೆ ಎಂದು ಅದಕ್ಕೆ ಗೊತ್ತಿರಬೇಕು. ನೀವು ಕತ್ತು ತಿರುಗಿಸಿದರೂ ಹೂದಾನಿ ಅಲ್ಲೇ ಇರಬೇಕಾದರೆ ಅದು ಕೋಣೆಯನ್ನು ಎಡೆಬಿಡದೆ ಅಳೆಯುತ್ತಲೇ ಇರಬೇಕು. ನೀವು ಯಾವುದನ್ನು ನೋಡುತ್ತಿದ್ದೀರಿ ಎಂದು ತಿಳಿಯಲು ನಿಮ್ಮ ಕಣ್ಣುಗುಡ್ಡೆಯನ್ನೂ ಅದು ಹಿಂಬಾಲಿಸಬೇಕಾಗುತ್ತದೆ. ತೋರಿಸುವ ಮೊದಲು ನೋಡಬೇಕು. ಹೆಚ್ಚು ತೋರಿಸಬೇಕಾದರೆ ಹೆಚ್ಚು ನೋಡಬೇಕು. ಆದ್ದರಿಂದ ಕಣ್ಗಾವಲು ಈ ಯಂತ್ರದ ದುರುಪಯೋಗವಲ್ಲ, ಅದರ ಉಸಿರಾಟ. ಕ್ಯಾಮರಾ ಮುಚ್ಚಿದರೆ ಅದು ಬರೀ ಗಾಜು.

ಹಾಗಾದರೆ ಪ್ರಶ್ನೆ ಇಷ್ಟೇ: ದಿನವಿಡೀ ನೋಡುವ ಯಂತ್ರವನ್ನು ಯಾರ ಕೈಗೆ ಕೊಡಬಹುದು? ಆ್ಯಪಲ್ ಕೂಡ ಇದೇ ದಾರಿಯಲ್ಲಿದೆ. 2024ರ ಫೆಬ್ರವರಿಯಲ್ಲಿ 3,499 ಡಾಲರ್‌ಗೆ ವಿಷನ್ ಪ್ರೊ ಮಾರಾಟಕ್ಕಿಟ್ಟಿತು. ಕಣ್ಣು ಎಲ್ಲಿ ನೋಡುತ್ತಿದೆ ಎಂಬ ಮಾಹಿತಿ ಸಾಧನದಾಚೆ ಹೋಗುವುದಿಲ್ಲ, ಆ್ಯಪ್‌ಗಳಿಗೂ ಸಿಗುವುದಿಲ್ಲ ಎಂದು ಅದು ಹೇಳಿಕೊಂಡಿತು. ಆ್ಯಪಲ್ ಸಂತನಲ್ಲ. ಅದು ಬದುಕುವುದು ಮುಖ್ಯವಾಗಿ ಯಂತ್ರ ಮಾರಿ, ಹಾಗಾಗಿ ಆ ಮಾತು ಅದಕ್ಕೆ ದುಬಾರಿಯಾಗುವುದಿಲ್ಲ. ಮೆಟಾ ಬದುಕುವುದು ಜಾಹೀರಾತಿನಿಂದ. 2024ರಲ್ಲಿ ಅದರ ಒಟ್ಟು ಆದಾಯ ಸುಮಾರು 16,450 ಕೋಟಿ ಡಾಲರ್. ಅದರಲ್ಲಿ ಸುಮಾರು 16,060 ಕೋಟಿ ಜಾಹೀರಾತಿನ ಹಣ. ನಾವು ಏನು ನೋಡುತ್ತೇವೆ, ಎಷ್ಟು ಹೊತ್ತು ನೋಡುತ್ತೇವೆ, ಯಾರ ಜೊತೆ ಕೂರುತ್ತೇವೆ ಎಂದು ತಿಳಿದುಕೊಂಡು ಆ ತಿಳಿವಳಿಕೆಯ ಮೇಲೆ ಜಾಹೀರಾತು ಮಾರುವುದೇ ಅದರ ಕಸುಬು. ಅಂಥವರ ಕೈಗೆ ಕಣ್ಣನ್ನೇ ಕೊಡುವುದು ತೋಳನನ್ನು ಕುರಿ ಕಾಯಲು ಬಿಟ್ಟ ಹಾಗೆ. ತೋಳ ಕೆಟ್ಟದ್ದು ಎಂದಲ್ಲ, ಅದರ ಊಟವೇ ಕುರಿ.

‘ಕಂಪನಿ ಬದಲಾಗಿದೆ, ಹಳೆಯದನ್ನು ಕೆದಕಬೇಡಿ ಕಾಕಾ’ ಎಂದರು ನಮ್ಮ ಹುಡುಗರು. ಕೆದಕಲೇಬೇಕು. ಕೇಂಬ್ರಿಜ್ ಅನಾಲಿಟಿಕಾ ಪ್ರಕರಣದಲ್ಲಿ 8.7 ಕೋಟಿ ಜನರ ಮಾಹಿತಿ ಹೊರಗೆ ಹೋಗಿರಬಹುದು ಎಂದು 2018ರಲ್ಲಿ ಫೇಸ್‌ಬುಕ್ಕೇ ಹೇಳಿತು. ಅದರಲ್ಲಿ ಭಾರತೀಯರು ಸುಮಾರು 5.6 ಲಕ್ಷ. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 500 ಕೋಟಿ ಡಾಲರ್ ದಂಡ ಹಾಕಿತು. ಫೋಟೋದಲ್ಲಿರುವ ಮುಖ ಯಾರದೆಂದು ತಾನೇ ಗುರುತಿಸುವ ವ್ಯವಸ್ಥೆಯನ್ನು ಈ ಕಂಪನಿ ಹತ್ತು ವರ್ಷ ನಡೆಸಿತು. ಕೇಳದೆ ಮುಖ ಅಳೆದರು ಎಂದು ಇಲಿನಾಯ್ ರಾಜ್ಯದ ಜನ ಮೊಕದ್ದಮೆ ಹೂಡಿದಾಗ 65 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಟೆಕ್ಸಸ್ ರಾಜ್ಯಕ್ಕೆ 2024ರಲ್ಲಿ 140 ಕೋಟಿ ಡಾಲರ್ ಕೊಡಲು ಒಪ್ಪಿತು. ನಡುವೆ 2021ರ ನವೆಂಬರ್‌ನಲ್ಲಿ ಆ ವ್ಯವಸ್ಥೆ ನಿಲ್ಲಿಸಿ ನೂರು ಕೋಟಿಗೂ ಹೆಚ್ಚು ಜನರ ಮುಖದ ಅಳತೆಗಳನ್ನು ಅಳಿಸುವುದಾಗಿ ಹೇಳಿತು. ಒಳ್ಳೆಯದೇ. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ, ಕನ್ನಡಕದಲ್ಲಿ ಮುಖ ಗುರುತಿಸುವ ಸೌಲಭ್ಯಕ್ಕೆ ಕಾನೂನು ಅಡ್ಡಿಯಾಗುತ್ತದೆಯೇ ಎಂದು ನೋಡುತ್ತಿದ್ದೇವೆ ಎಂದು ಆ ವಿಭಾಗದ ಮುಖ್ಯಸ್ಥರೇ ನೌಕರರಿಗೆ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. 2024ರ ಅಕ್ಟೋಬರ್‌ನಲ್ಲಿ ಇನ್ನೊಂದು ವಿಷಯ ಸ್ಪಷ್ಟವಾಯಿತು. ಕನ್ನಡಕದ ಎಐಗೆ ತೋರಿಸಿದ ಚಿತ್ರಗಳನ್ನು ಕಂಪನಿ ತನ್ನ ಎಐ ತರಬೇತಿಗೆ ಬಳಸಬಹುದು.

ಕಂಪನಿ ಸುಮ್ಮನಿದ್ದರೂ ಬೇರೆಯವರು ಸುಮ್ಮನಿರುವುದಿಲ್ಲ. ಅದೇ ತಿಂಗಳು ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ರೇ-ಬ್ಯಾನ್ ಮೆಟಾ ಕನ್ನಡಕ ಹಾಕಿಕೊಂಡು, ಅದರ ವಿಡಿಯೋವನ್ನು ಮುಖ ಹುಡುಕುವ ಜಾಲತಾಣಕ್ಕೆ ಜೋಡಿಸಿ, ದಾರಿಹೋಕರ ಹೆಸರು, ವಿಳಾಸ ತೆಗೆದು ತೋರಿಸಿದರು. ಎಚ್ಚರಿಸುವುದಕ್ಕಾಗಿ ಮಾಡಿದ್ದು, ತಮ್ಮ ಪ್ರೋಗ್ರಾಂ ಹಂಚಲಿಲ್ಲ. ಎಲ್ಲರೂ ಎಚ್ಚರಿಸುವುದಕ್ಕಾಗಿಯೇ ಮಾಡುತ್ತಾರೆಂದು ಯಾರು ಹೇಳಬಲ್ಲರು?

‘ಹೆಸರು ಗೊತ್ತಾದರೆ ಏನಾಯಿತು? ತಪ್ಪು ಮಾಡದವನಿಗೆ ಯಾಕೆ ಭಯ?’ ಇದು ಇನ್ನೊಂದು ಪ್ರಶ್ನೆ. ಇದನ್ನು ಕೇಳಿದವರು ಹೆಸರು ಭಾರವಾಗದ ಮನೆಯಲ್ಲಿ ಹುಟ್ಟಿದವರು.

ನಾನು ವಿಜಯಪುರ ಜಿಲ್ಲೆಯ ಹಳ್ಳಿಯವನು. ನಮ್ಮ ಕಡೆ ಹೊಸಬ ಕಂಡರೆ ಮೊದಲ ಪ್ರಶ್ನೆ ‘ಎಲ್ಲಿಯವನು’ ಅಲ್ಲ, ‘ಯಾರ ಪೈಕಿ?’ ಎಂಬುದು. ಉತ್ತರ ಕೇಳಿದ ಮೇಲೆಯೇ ಕೂರುವ ಜಾಗ, ಕುಡಿಯುವ ಲೋಟ, ಮಾತಿನ ಏಕವಚನ ಬಹುವಚನ ಎಲ್ಲ ತೀರ್ಮಾನವಾಗುವುದು. ಊರೊಳಗಿನವರಿಗೆ ಆ ಪ್ರಶ್ನೆಯೂ ಬೇಕಿಲ್ಲ, ನಾನು ಬರುತ್ತಿರುವುದು ಕಂಡರೇ ಸಾಕು. ಅವರ ಕಣ್ಣಿಗೆ ನನ್ನ ತಲೆಯ ಮೇಲೆ ಅಡ್ಡಹೆಸರು, ಕೇರಿ, ಅಜ್ಜ ಮಾಡುತ್ತಿದ್ದ ಕೆಲಸ ಎಲ್ಲವೂ ಬರೆದಿಟ್ಟ ಹಾಗೆ ಕಾಣುತ್ತದೆ. ಅಮೆರಿಕದವರು ಲಕ್ಷಗಟ್ಟಲೆ ಕೋಟಿ ಸುರಿದು ಕಂಡುಹಿಡಿಯುತ್ತಿರುವುದನ್ನು ನಮ್ಮ ಹಳ್ಳಿಗಳು ಬಿಟ್ಟಿಯಾಗಿ ಸಾವಿರ ವರ್ಷದಿಂದ ನಡೆಸಿವೆ. ಅಂಬೇಡ್ಕರ್ 1948ರಲ್ಲಿ ಸಂವಿಧಾನ ಸಭೆಯಲ್ಲಿ ನಿಂತು ಹಳ್ಳಿಯ ಹೊಗಳಿಕೆಯನ್ನು ತಿರಸ್ಕರಿಸಿದ್ದು ಸುಮ್ಮನೆ ಅಲ್ಲ.

ಮುಂಬಯಿ ನನಗೆ ಕೊಟ್ಟದ್ದು ಸಂಬಳ ಮಾತ್ರ ಅಲ್ಲ. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹತ್ತಿದರೆ ನನ್ನ ಪಕ್ಕೆಗೆ ಪಕ್ಕೆ ತಾಗಿಸಿ ನಿಂತವನಿಗೆ ನಾನು ಯಾರ ಪೈಕಿಯೂ ಅಲ್ಲ. ‘ಭಾವು, ಜರಾ ಪುಢೇ ಸರಕಾ’ ಎನ್ನುತ್ತಾನೆ, ಅಷ್ಟೇ. ನಾಲ್ಕನೆಯವನಿಗೆಂದು ಸೀಟಿನ ತುದಿಯಲ್ಲಿ ನಾಲ್ಕು ಬೆರಳು ಜಾಗ ಬಿಡುವಾಗ ಯಾರೂ ಅಡ್ಡಹೆಸರು ಕೇಳುವುದಿಲ್ಲ. ಇಲ್ಲೂ ಜಾತಿ ಇದೆ, ಇಲ್ಲವೆಂದರೆ ಸುಳ್ಳು. ಬಾಡಿಗೆ ಮನೆ ಹುಡುಕುವಾಗ ಒಂದು ಸೊಸೈಟಿಯ ಕಾರ್ಯದರ್ಶಿ ಚಹಾ ಕೊಟ್ಟು ಕೂರಿಸಿ, ಪೂರ್ತಿ ಹೆಸರು ಕೇಳಿ, ‘ಮನೆ ನಿನ್ನೆಯೇ ಹೋಯಿತು’ ಎಂದಿದ್ದರು. ಆದರೂ ಅವರು ಕೇಳಬೇಕಾಯಿತು. ಕೇಳುವ ಮೊದಲು ಚಹಾ ಕೊಟ್ಟಿದ್ದರು. ಕೇಳುವುದಕ್ಕೂ ತಿಳಿಯುವುದಕ್ಕೂ ನಡುವೆ ಇರುವ ಆ ಸಣ್ಣ ಸಂದಿಯಲ್ಲೇ ನಮ್ಮಂಥವರು ಈ ನಗರದಲ್ಲಿ ಬದುಕು ಕಟ್ಟಿಕೊಂಡದ್ದು. ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿಂದಿನ ತಲೆಮಾರಿನ ಕನ್ನಡಿಗರೂ ಹೊಸ ಗುರುತು ಕಟ್ಟಿಕೊಂಡದ್ದು ಆ ಸಂದಿಯಲ್ಲೇ.

ಕನ್ನಡಕ ಆ ಸಂದಿಯನ್ನು ಮುಚ್ಚುತ್ತದೆ. ಮುಖ ಕಂಡೊಡನೆ ಹೆಸರು, ಹೆಸರಿನಿಂದ ಅಡ್ಡಹೆಸರು, ಅದರಿಂದ ಉಳಿದದ್ದು. ಜಾತಿ ತೋರಿಸುವ ಆ್ಯಪನ್ನು ಕಂಪನಿ ಮಾಡಬೇಕಿಲ್ಲ, ಹೆಸರು ತೋರಿಸಿದರೆ ಸಾಕು, ಮಿಕ್ಕದ್ದನ್ನು ನಮ್ಮ ಜನ ನೋಡಿಕೊಳ್ಳುತ್ತಾರೆ. ನಾನು ಹೇಳಿದ್ದು ನನ್ನ ಕಥೆ. ಗಂಡನ ಹೊಡೆತ ತಪ್ಪಿಸಿಕೊಂಡು ಈ ಊರಿಗೆ ಬಂದ ಹೆಂಗಸು, ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾದ ಜೋಡಿ, ಧರ್ಮದ ಕಾರಣಕ್ಕೆ ಮನೆ ಸಿಗದವರು, ಇವರಿಗೆಲ್ಲ ಗುರುತು ಸಿಗದಿರುವುದು ಜೀವದ ಪ್ರಶ್ನೆ.

ಈಗ ನನ್ನ ಎದುರಾಳಿಗಳ ಗಟ್ಟಿ ವಾದಗಳಿಗೆ ಬರುತ್ತೇನೆ.

ಒಂದು: ‘ಎಲ್ಲರ ಕೈಯಲ್ಲೂ ಕ್ಯಾಮರಾ ಫೋನ್ ಇದೆ, ಮೂಲೆ ಮೂಲೆಗೂ ಸಿಸಿಟಿವಿ ಇದೆ.’ ನಿಜ. ಆದರೆ ಫೋನನ್ನು ಎತ್ತಿ ಹಿಡಿಯಬೇಕು, ಎತ್ತಿದ್ದು ಕಾಣುತ್ತದೆ, ‘ಏನ್ರೀ, ಯಾಕೆ ತೆಗೀತೀರಿ?’ ಎಂದು ಕೇಳಬಹುದು. ಸಿಸಿಟಿವಿ ಗೋಡೆಗೆ ಅಂಟಿಕೊಂಡಿರುತ್ತದೆ, ನನ್ನ ಎದುರು ಕೂತು ನಗುತ್ತಾ ಮಾತಾಡುವುದಿಲ್ಲ. ಚಿತ್ರ ತೆಗೆಯುವಾಗ ಕನ್ನಡಕದಲ್ಲಿ ಪುಟ್ಟ ದೀಪ ಹೊತ್ತಿಕೊಳ್ಳುತ್ತದಂತೆ. ಮಧ್ಯಾಹ್ನದ ಬಿಸಿಲಲ್ಲಿ, ದಾದರ್ ಸೇತುವೆಯ ಜನಜಂಗುಳಿಯಲ್ಲಿ ಆ ದೀಪ ಯಾರಿಗೆ ಕಂಡೀತು? ಅದನ್ನು ಆರಿಸಿಕೊಡುವವರೂ ಹುಟ್ಟಿಕೊಂಡಿದ್ದಾರೆಂದು 2025ರಲ್ಲಿ ಅಮೆರಿಕದ ಪತ್ರಕರ್ತರು ಬರೆದರು.

ಎರಡು: ‘ಕಣ್ಣು ಕಾಣದವರಿಗೆ ಇದು ವರ.’ ಇದು ಎಲ್ಲಕ್ಕಿಂತ ಗಟ್ಟಿ ವಾದ, ಇದಕ್ಕೆ ನಾನು ತಲೆಬಾಗುತ್ತೇನೆ. ಔಷಧಿ ಬಾಟಲಿಯ ಮೇಲಿನ ಅಕ್ಷರವನ್ನು, ಬಸ್ಸಿನ ನಂಬರನ್ನು ಓದಿ ಹೇಳುವ ಕನ್ನಡಕ ಇರಲೇಬೇಕು. ಆದರೆ ಅದಕ್ಕೆ ಜಾಹೀರಾತು ಕಂಪನಿಯೇ ಬೇಕೆ? ಕಣ್ಣಿರುವ ಸ್ವಯಂಸೇವಕರು ಕಣ್ಣಿಲ್ಲದವರಿಗೆ ಫೋನಿನಲ್ಲೇ ಓದಿ ಹೇಳುವ ಬಿ ಮೈ ಐಸ್ ಎಂಬ ಆ್ಯಪ್ 2015ರಲ್ಲೇ ಡೆನ್ಮಾರ್ಕ್‌ನಲ್ಲಿ ಶುರುವಾಯಿತು. ಈಗ ಅದು ಮೆಟಾ ಕನ್ನಡಕದಲ್ಲೂ ಸಿಗುತ್ತದೆ. ಅಂಧರ ಊರುಗೋಲು ಅವರು ಎಲ್ಲಿ ನಡೆದರು ಎಂದು ಯಾರಿಗೂ ವರದಿ ಮಾಡುವುದಿಲ್ಲ. ಕನ್ನಡಕವೂ ಹಾಗೇ ಇರಲಿ: ಸಹಾಯಕ ಸಾಧನವಾಗಿ ಮಾರಲಿ, ಚಿತ್ರ ಉಳಿಸಿಕೊಳ್ಳದಿರಲಿ. ಕೆಲವು ಲಕ್ಷ ಜನರ ನಿಜವಾದ ಕಷ್ಟವನ್ನು ಮುಂದಿಟ್ಟು ಕೋಟ್ಯಂತರ ಜನರ ಮುಖವನ್ನು ಕೇಳುವುದು ನ್ಯಾಯವಲ್ಲ.

ಮೂರು: ‘ಹೊರನಾಡ ಕನ್ನಡಿಗರಿಗೆ ಅನುವಾದ ಕಣ್ಣೆದುರೇ ಸಿಗುತ್ತದೆ, ನೀವೇ ಬೇಡ ಅಂದರೆ ಹೇಗೆ?’ ಊರಿಂದ ಬಂದ ನಮ್ಮವ್ವನಿಗೆ ಮರಾಠಿ ಬೋರ್ಡು ಕನ್ನಡದಲ್ಲಿ ಕಂಡರೆ ಸಂತೋಷವೇ. ಗೂಗಲ್ ಅನುವಾದಕ್ಕೆ ಕನ್ನಡ ಬಂದು 2011ಕ್ಕೇ ಆಯಿತು, ಆ ಕೆಲಸವನ್ನು ಫೋನು ಮಾಡುತ್ತದೆ. ನಾನು ಮರಾಠಿ ಕಲಿತದ್ದು ವಡಾಪಾವ್ ಗಾಡಿಯವನ ಬೈಗುಳದಿಂದ, ಪಕ್ಕದ ಮನೆಯ ಮಾವಶಿಯ ತಿದ್ದುಪಡಿಯಿಂದ. ಅನುವಾದಕ್ಕೆ ಎದುರಿನವರ ಮಾತು ಬೇಕು, ಅವರ ಮುಖದ ಅಳತೆ ಬೇಕಿಲ್ಲ.

ನಾಲ್ಕು: ‘ಮೆಟಾ ಬಿಟ್ಟರೆ ಇನ್ನೊಬ್ಬರು ಮಾಡುತ್ತಾರೆ, ತಡೆಯಲು ಆಗುವುದಿಲ್ಲ.’ ಇದನ್ನು ಒಪ್ಪಲು ಚರಿತ್ರೆ ಬಿಡುವುದಿಲ್ಲ. ಗೂಗಲ್ 2012ರಲ್ಲಿ ಇಂಥದೇ ಕನ್ನಡಕವನ್ನು ಮೆರವಣಿಗೆ ಮಾಡಿ ತೋರಿಸಿತು, 2013ರಲ್ಲಿ 1,500 ಡಾಲರ್‌ಗೆ ಕೊಟ್ಟಿತು. ಸಿಯಾಟಲ್‌ನ ಒಂದು ಬಾರ್ ಇದನ್ನು ಹಾಕಿಕೊಂಡು ಒಳಗೆ ಬರಬೇಡಿ ಎಂದಿತು, ಜನ ಹಾಕಿಕೊಂಡವರನ್ನು ಗೇಲಿ ಮಾಡಿದರು. ದುಬಾರಿ ಬೆಲೆಯ ಜೊತೆಗೆ ಈ ಅಸಹನೆಯೂ ಸೇರಿ, 2015ರ ಜನವರಿಯಲ್ಲಿ ಗೂಗಲ್ ಸಾಮಾನ್ಯರಿಗೆ ಮಾರುವುದನ್ನು ನಿಲ್ಲಿಸಿತು. ಈಗ ಮತ್ತೆ ತಯಾರಾಗುತ್ತಿದೆ. ಆದರೂ ಹತ್ತು ವರ್ಷದ ಬಿಡುವು ಸಿಕ್ಕಿತಲ್ಲ, ಅದು ಸಿಕ್ಕಿದ್ದು ಜನ ಬೇಡ ಅಂದದ್ದರಿಂದಲೂ ಹೌದು. ನಾವೂ ಈ ಫೇಸ್‌ಬುಕ್‌ಗೆ ಒಮ್ಮೆ ಬೇಡ ಎಂದಿದ್ದೇವೆ. ಬಿಟ್ಟಿ ಇಂಟರ್ನೆಟ್ ಎಂದು ಫ್ರೀ ಬೇಸಿಕ್ಸ್ ತಂದಾಗ ಲಕ್ಷಾಂತರ ಜನ ಟ್ರಾಯ್‌ಗೆ ಬರೆದರು. 2016ರ ಫೆಬ್ರವರಿ 8ರಂದು ಟ್ರಾಯ್ ಅಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಕಂಪನಿ ಮುಳುಗಲಿಲ್ಲ, ಬಡವರಿಗೆ ಇಂಟರ್ನೆಟ್ ತಪ್ಪಲೂ ಇಲ್ಲ.

ಹಾಗಾದರೆ ಕಾನೂನು ನಮ್ಮನ್ನು ಕಾಯುತ್ತದೆಯೇ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾದ ಮೇಲೆ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂತು. ಅದರ ಮೂರನೇ ಸೆಕ್ಷನ್ ಓದಿ. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ನಾವಾಗಿಯೇ ಎಲ್ಲರಿಗೂ ಕಾಣುವಂತೆ ಹಾಕಿದ ಮಾಹಿತಿಗೂ ಅನ್ವಯಿಸುವುದಿಲ್ಲ. ಅಂದರೆ ಕನ್ನಡಕ ಹಾಕಿದವನು ‘ನನ್ನ ಸ್ವಂತಕ್ಕೆ’ ಎನ್ನುತ್ತಾನೆ. ಅವನ ಕನ್ನಡಕ ಹೋಲಿಸಿ ನೋಡುವುದು ಗಣೇಶ ಹಬ್ಬದ ದಿನ ನಾನೇ ಹೊಸ ಅಂಗಿ ಹಾಕಿ, ಪೂರ್ತಿ ಹೆಸರಿನ ಜೊತೆ ಫೇಸ್‌ಬುಕ್ಕಿಗೆ ಏರಿಸಿದ ಫೋಟೋವನ್ನು. ಬೇಲಿಯಲ್ಲಿ ಕನ್ನಡಕದ ಅಗಲಕ್ಕೆ ಸರಿಯಾಗಿ ಎರಡು ಕಿಂಡಿ ಇವೆ.

ಆದ್ದರಿಂದ ಕೇಳಬೇಕಾದ್ದನ್ನು ಸ್ಪಷ್ಟವಾಗಿ ಕೇಳೋಣ. ಮೆಟಾ ಬೀದಿಗೆ ಕನ್ನಡಕ ಮಾಡುವುದನ್ನು ನಿಲ್ಲಿಸಲಿ. ಅಷ್ಟೊಂದು ಎಂಜಿನಿಯರರ ಜಾಣ್ಮೆಯನ್ನು ಕಾರ್ಖಾನೆಗೆ, ಆಸ್ಪತ್ರೆಗೆ, ಅಂಧರಿಗೆ ಕೊಡಲಿ. ನಿಲ್ಲಿಸುವುದಿಲ್ಲ ಎಂದರೆ ಸರ್ಕಾರ ಎರಡು ಷರತ್ತು ಹಾಕಲಿ: ಮೈಮೇಲೆ ಧರಿಸುವ ಯಾವ ಸಾಧನವೂ ಅಪರಿಚಿತರ ಮುಖ ಗುರುತಿಸಕೂಡದು. ಅದು ಕಂಡದ್ದು ಯಾವುದೂ ಜಾಹೀರಾತಿಗೆ, ಎಐ ತರಬೇತಿಗೆ ಹೋಗಕೂಡದು. ಇಂಥ ಷರತ್ತಿನಲ್ಲಿ ವ್ಯಾಪಾರ ನಡೆಯುವುದಿಲ್ಲ ಎಂದು ಕಂಪನಿ ಹೇಳಿದರೆ, ಅದು ಮಾರಹೊರಟಿದ್ದು ಕನ್ನಡಕವನ್ನಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ.

ನಾವೂ ಕೈಕಟ್ಟಿ ಕೂರಬೇಕಿಲ್ಲ. ನಮ್ಮ ಕನ್ನಡ ಸಂಘಗಳ ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಡಿ ಎಂಬ ಬೋರ್ಡಿನ ಪಕ್ಕ ಕ್ಯಾಮರಾ ಕನ್ನಡಕ ತೆಗೆಯಿರಿ ಎಂದೂ ಬರೆಯಬಹುದು. ಈ ಪತ್ರಿಕೆ ಓದುವವರಲ್ಲಿ ಇಂಥ ಕಂಪನಿಗಳಲ್ಲೇ ಕೆಲಸ ಮಾಡುವವರು ಎಷ್ಟೋ ಮಂದಿ ಇದ್ದೀರಿ. 2019ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್‌ನ ನೌಕರರು ತಾವು ಮಾಡಿದ ಹೋಲೋಲೆನ್ಸ್ ಯುದ್ಧದ ಆಯುಧವಾಗುವುದು ಬೇಡ ಎಂದು ತಮ್ಮ ಕಂಪನಿಗೇ ಪತ್ರ ಬರೆದರು. ಕಂಪನಿ ಕೇಳಲಿಲ್ಲ, 2021ರಲ್ಲಿ ಸೇನೆಯೊಂದಿಗೆ ಇನ್ನೂ ದೊಡ್ಡ ಒಪ್ಪಂದ ಮಾಡಿಕೊಂಡಿತು. ಆದರೂ ಒಳಗಿನವರೇ ಬೇಡ ಎಂದರು ಎಂಬ ಸಾಕ್ಷಿ ಉಳಿಯಿತು. 2024ರಲ್ಲಿ ಹೋಲೋಲೆನ್ಸ್ ತಯಾರಿಕೆಯೇ ನಿಂತಿತು. ದೊಡ್ಡ ಕಂಪನಿ ಕೈ ಹಾಕಿದ್ದೆಲ್ಲ ಆಗಿಯೇ ತೀರುತ್ತದೆ ಎಂಬುದು ಹಣೆಬರಹವಲ್ಲ.

ನಮ್ಮ ಹುಡುಗರಿಗೆ ನನ್ನ ಕೊನೆಯ ಮಾತು ಇದು. ನೀವು ಹೈದರಾಬಾದಿಗೆ ಬಂದ ಮೊದಲ ದಿನ ಯಾರೂ ನಿಮ್ಮ ಗುರುತು ಹಿಡಿಯಲಿಲ್ಲ ಎಂದು ಬೇಜಾರು ಮಾಡಿಕೊಂಡಿರಬಹುದು. ಆದರೆ ನೀವು ಯಾರು ಎಂದು ಹೇಳುವ ಅವಕಾಶ ನಿಮಗೇ ಸಿಕ್ಕಿದ್ದು ಅದರಿಂದಲೇ. ನಾಳೆ ಊರಿನಿಂದ ಹೊರಡುವ ಹುಡುಗ ಹುಡುಗಿಯರಿಗೂ ಆ ಅವಕಾಶ ಸಿಗಬೇಕು. ಅವರ ಹೆಸರನ್ನು ಅವರೇ ಬಾಯಿಬಿಟ್ಟು ಹೇಳಲಿ. ಅಲ್ಲಿಯವರೆಗೆ ಎದುರಿಗಿದ್ದವರು ಕಾಯಲಿ.